ಕಾಡಿಗೆ ಕೋಟಾ ಸರಿ, ಕ್ಯೂ ಯಾರಿಗೆ?

ಅಮೆರಿಕದ ಮಿನೆಸೋಟಾದಲ್ಲಿ ಬೌಂಡರಿ ವಾಟರ್ಸ್ ಅನ್ನೋ, ಹತ್ತು ಲಕ್ಷ ಎಕರೆಗೂ ಮೀರಿದ ಸರೋವರಗಳ ಕಾಡಿದೆ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿ ಕನೂ ದೋಣಿಯಲ್ಲಿ ಹೋಗಿ ರಾತ್ರಿ ತಂಗಬೇಕಂದ್ರೆ ಕೋಟಾ ಪರ್ಮಿಟ್ ಬೇಕು. ಹೊರಡೋ ದಿನ, ಒಳಹೋಗೋ ಜಾಗ ಎರಡೂ ಮೊದಲೇ ಹೇಳಬೇಕು. ಬುಕಿಂಗ್ ತೆರೆಯೋದು ಜನವರಿಯ ಕೊನೇ ಬುಧವಾರ, ನೀರಿನ್ನೂ ಹೆಪ್ಪುಗಟ್ಟಿರುವಾಗ. ಬೇಡಿಕೆಯ ದಿನಾಂಕಗಳು ನಮ್ಮ ತತ್ಕಾಲ್ ಟಿಕೆಟ್ ಥರ ಖಾಲಿ.

ಕೋಟಾ ತಪ್ಪಲ್ಲ, ಅದಿಲ್ಲದಿದ್ದರೆ ಕಾಡು ಜಾತ್ರೆಯಾಗುತ್ತೆ. ಆದರೆ ಜುಲೈ ರಜೆಯನ್ನು ಜನವರಿಯಲ್ಲೇ ಖಾತ್ರಿ ಮಾಡ್ಕೊಳ್ಳೋಕೆ ಯಾರಿಗೆ ಸಾಧ್ಯ? ಸಂಬಳಸಹಿತ ರಜೆ ಇರೋರಿಗೆ. ವಾರವಾರ ಶಿಫ್ಟ್ ಬದಲಾಗೋರಿಗೆ ಉಳಿಯೋದು, ಬೇರೆಯವರು ರದ್ದು ಮಾಡಿದ ಪರ್ಮಿಟ್ ಮಾತ್ರ. ಕಾಡು ಎಲ್ಲರದ್ದು ಅನ್ನೋದಾದ್ರೆ, ಒಂದಿಷ್ಟು ಪರ್ಮಿಟ್‌ಗಳನ್ನು ಹೊರಡೋ ವಾರದವರೆಗೂ ಎತ್ತಿಡಬೇಕು.