ಬಾಡಿಗೆ ತೆತ್ತ ಜಾಗಕ್ಕೆ ದಂಡವೇಕೆ?

ಇಂಗ್ಲೆಂಡಿನಲ್ಲಿ ಫ್ಲ್ಯಾಟು ಬಾಡಿಗೆಗೆ ಹಿಡಿದ ಎಷ್ಟೋ ಜನರ ಕರಾರಿನಲ್ಲಿ ಕಾರು ನಿಲ್ಲಿಸುವ ಜಾಗದ ನಂಬರೂ ಇರುತ್ತದೆ. ತಿಂಗಳ ಬಾಡಿಗೆಯಲ್ಲಿ ಅದರ ಹಣವೂ ಸೇರಿರುತ್ತದೆ. ಒಂದು ದಿನ ಡ್ಯಾಶ್‌ಬೋರ್ಡಿನ ಮೇಲಿದ್ದ ಪರ್ಮಿಟ್ ಜಾರಿ ಸೀಟಿನ ಕೆಳಗೆ ಬಿದ್ದರೆ ಸಾಕು, ಖಾಸಗಿ ಪಾರ್ಕಿಂಗ್ ಕಂಪನಿಯ ನೋಟಿಸ್ ಬರುತ್ತದೆ: 100 ಪೌಂಡ್ ಕಟ್ಟಿ, 14 ದಿನದೊಳಗಾದರೆ 60. ಕಟ್ಟದಿದ್ದರೆ ಸಾಲ ವಸೂಲಿ ಏಜೆನ್ಸಿಯ ಪತ್ರಗಳು, ಅವುಗಳ ಹೆಸರಲ್ಲಿ ಇನ್ನೂ 70 ಪೌಂಡಿನವರೆಗೆ ಹೊರೆ, ಕೊನೆಗೆ ಕೌಂಟಿ ಕೋರ್ಟಿನ ದಾವೆ. ಹಣ ಕೊಟ್ಟು ಪಡೆದ ಜಾಗದಲ್ಲಿ ತನ್ನದೇ ಕಾರು ನಿಲ್ಲಿಸಿದ್ದಕ್ಕೆ ಈ ಶಿಕ್ಷೆ. ಇದಕ್ಕೆ ನ್ಯಾಯದ ಆಧಾರವೂ ಇಲ್ಲ, ಬಹುಪಾಲು ಪ್ರಕರಣಗಳಲ್ಲಿ ಕಾನೂನಿನ ಆಧಾರವೂ ಇಲ್ಲ ಎಂಬುದು ನನ್ನ ವಾದ.

ಕಂಪನಿಗಳು ಹೇಳುವುದಿಷ್ಟು: ಕಂಬದ ಮೇಲೆ ಫಲಕ ಹಾಕಿದ್ದೇವೆ, ನೀವು ಅಲ್ಲಿ ಕಾರು ನಿಲ್ಲಿಸಿದ್ದೀರಿ, ಆದ್ದರಿಂದ ಫಲಕದ ಷರತ್ತನ್ನು ಒಪ್ಪಿದ್ದೀರಿ. ಇದಕ್ಕೆ ಅವರು ತರುವ ಆಸರೆ 2015ರಲ್ಲಿ ಪಾರ್ಕಿಂಗ್‌ಐ ಎಂಬ ಕಂಪನಿ ಮತ್ತು ಬೀವಿಸ್ ಎಂಬ ಚಾಲಕರ ನಡುವಿನ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ಅಲ್ಲಿ ನಡೆದದ್ದನ್ನು ನೋಡಿ. ಚೆಲ್ಮ್ಸ್‌ಫರ್ಡಿನ ಅಂಗಡಿ ಸಮುಚ್ಚಯದಲ್ಲಿ 2 ಗಂಟೆ ಉಚಿತ ಪಾರ್ಕಿಂಗ್ ಇತ್ತು. ಬೀವಿಸ್ 56 ನಿಮಿಷ ಹೆಚ್ಚು ನಿಂತರು. 85 ಪೌಂಡ್ ಶುಲ್ಕವನ್ನು ಕೋರ್ಟು ಎತ್ತಿಹಿಡಿಯಿತು. ಆ ಜಾಗದ ಮೇಲೆ ಬೀವಿಸ್‌ಗೆ ಮೊದಲಿಂದ ಯಾವ ಹಕ್ಕೂ ಇರಲಿಲ್ಲ. ಫಲಕವೇ ಅವರಿಗೆ ಅನುಮತಿ ಕೊಟ್ಟಿತ್ತು, ಫಲಕವೇ ಷರತ್ತು ಹಾಕಿತ್ತು. ಬಾಡಿಗೆದಾರರ ಸ್ಥಿತಿ ಪೂರ್ತಿ ಬೇರೆ. ಅವರಿಗೆ ಜಾಗ ಕೊಟ್ಟದ್ದು ಕರಾರು. ಈಗಾಗಲೇ ತಮ್ಮದಾಗಿರುವುದನ್ನು ಮೂರನೆಯವನೊಬ್ಬ ಷರತ್ತು ಹಾಕಿ ಮತ್ತೆ ಕೊಡಲು ಬರುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಪಾಡು ಇದು.

ಕೋರ್ಟುಗಳೂ ಇದನ್ನು ಹೇಳಿವೆ. ನಿವಾಸಿಗೆ ಕೊಟ್ಟ ಪಾರ್ಕಿಂಗ್ ಹಕ್ಕನ್ನು ಜಮೀನಿನ ಒಡೆಯ ತಾನಾಗಿಯೇ ಮೊಟಕುಗೊಳಿಸುವಂತಿಲ್ಲ ಎಂದು 2001ರಲ್ಲಿ ಸಯೀದ್ ಮತ್ತು ಪ್ಲಸ್‌ಟ್ರೇಡ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ನಿವಾಸಿಯ ಪರ ನಿಂತಿತು. 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಹ್ಯಾರಿಸ್ ಮುಂದೆ ಬಂದ ಜಾಪ್ಸನ್ ಪ್ರಕರಣದಲ್ಲಿ, ಪೀಠೋಪಕರಣ ಇಳಿಸಲು ತನ್ನ ಕಟ್ಟಡದ ಬಾಗಿಲ ಬಳಿ ಕೆಲವೇ ನಿಮಿಷ ಕಾರು ನಿಲ್ಲಿಸಿದ್ದ ನಿವಾಸಿ ಗೆದ್ದರು. ಆಕೆಯ ಕರಾರಿನ ಹಕ್ಕನ್ನು ಪಾರ್ಕಿಂಗ್ ಕಂಪನಿಯ ಫಲಕ ಅಳಿಸಲಾರದು ಎಂಬುದು ಆ ತೀರ್ಪಿನ ತಿರುಳು.

ಆದರೂ ನೋಟಿಸುಗಳು ನಿಂತಿಲ್ಲ. ಕೌಂಟಿ ಕೋರ್ಟಿನ ತೀರ್ಪು ಮುಂದಿನ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಹಾಗಾಗಿ ಪ್ರತಿ ನಿವಾಸಿಯೂ ಮೊದಲಿಂದ ಹೋರಾಡಬೇಕು. ಒಂದು ದಿನ ರಜೆ ಹಾಕಿ ಕೋರ್ಟಿಗೆ ಹೋಗುವುದಕ್ಕಿಂತ 60 ಪೌಂಡ್ ಕಟ್ಟಿಬಿಡುವುದು ಸುಲಭ ಎನಿಸುತ್ತದೆ. ತೀರ್ಪು ವಿರುದ್ಧವಾಗಿ ಬಂದು ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಅದು 6 ವರ್ಷ ದಾಖಲೆಯಲ್ಲಿ ಉಳಿದು ಮನೆ ಸಾಲಕ್ಕೆ ಅಡ್ಡಬರುತ್ತದೆ. ಕೆಲಸಕ್ಕಾಗಿ ಹೋಗಿ ಬಾಡಿಗೆ ಫ್ಲ್ಯಾಟುಗಳಲ್ಲಿರುವ ನಮ್ಮ ಕನ್ನಡದ ನರ್ಸುಗಳು, ಎಂಜಿನಿಯರುಗಳು ಇದನ್ನು ಪೊಲೀಸರ ದಂಡವೆಂದೇ ನಂಬಿ ಕಟ್ಟಿಬಿಡುವುದು ಸಹಜ. ಇದು ಅಪರಾಧವಲ್ಲ, ದಂಡವೂ ಅಲ್ಲ. ಖಾಸಗಿ ಕಂಪನಿಯೊಂದು ಕರಾರು ಮುರಿದಿರಿ ಎಂದು ಹೂಡುವ ಹಣದ ತಕರಾರು. ನೋಟಿಸ್ ಬಂದೊಡನೆ ಬಾಡಿಗೆ ಕರಾರು ತೆಗೆದು ಪಾರ್ಕಿಂಗ್ ಬಗ್ಗೆ ಏನು ಬರೆದಿದೆ ಎಂದು ಓದಬೇಕು. ಪರ್ಮಿಟ್ ಕಾಣುವಂತೆ ಇಡಲೇಬೇಕು ಎಂದು ಅದರಲ್ಲೇ ಇದ್ದರೆ ವಾದ ದುರ್ಬಲ. ಇಲ್ಲದಿದ್ದರೆ ಕರಾರಿನ ಪ್ರತಿಯೊಂದಿಗೆ ಲಿಖಿತ ಅಪೀಲು ಹಾಕಬೇಕು, ಮನೆ ಮಾಲೀಕರಿಗೂ ಮ್ಯಾನೇಜಿಂಗ್ ಏಜೆಂಟಿಗೂ ಬರೆಯಬೇಕು. ಕೋರ್ಟಿನ ಕಾಗದ ಬಂದರಂತೂ ಸುಮ್ಮನಿರಲೇಬಾರದು.

ರೈಲು ನಿಲ್ದಾಣದ ಪಕ್ಕದ ಕಟ್ಟಡಗಳಲ್ಲಿ ಹೊರಗಿನವರು ನುಗ್ಗಿ ಕಾರು ನಿಲ್ಲಿಸುತ್ತಾರೆ, ಅವರನ್ನು ತಡೆಯಲೇ ಕಂಪನಿ ತಂದಿದ್ದೇವೆ ಎಂದು ಏಜೆಂಟರು ಹೇಳುತ್ತಾರೆ. ತೊಂದರೆ ನಿಜವೇ. ಹಾಗಿದ್ದರೆ ನಿವಾಸಿಗಳ ಕಾರಿನ ನಂಬರುಗಳ ಪಟ್ಟಿ ಇಟ್ಟುಕೊಳ್ಳಲಿ, ನಿವಾಸಿ ದೂರು ಕೊಟ್ಟಾಗ ಬರಲಿ. ಕರಾರನ್ನೇ ಬದಲಿಸಬೇಕೆಂದರೆ ದೀರ್ಘಾವಧಿ ಲೀಸುಗಳಿಗೆ 1987ರ ಭೂಮಾಲೀಕ-ಬಾಡಿಗೆದಾರ ಕಾಯ್ದೆಯ 37ನೇ ಕಲಮು ದಾರಿ ತೋರಿಸಿದೆ: 8ಕ್ಕಿಂತ ಹೆಚ್ಚು ಲೀಸುಗಳಿದ್ದಲ್ಲಿ ಶೇ 75ರಷ್ಟು ಮಂದಿ ಒಪ್ಪಬೇಕು, ವಿರೋಧ ಶೇ 10 ದಾಟಬಾರದು. ಆ ಒಪ್ಪಿಗೆ ಕೇಳುವ ಗೋಜಿಗೇ ಹೋಗದೆ ಕಂಬಕ್ಕೆ ಫಲಕ ಜಡಿಯುವುದು ನಿವಾಸಿಗಳಿಗೆ ಮಾಡುವ ಅವಮಾನ.

ಸರ್ಕಾರದ ಪಾಲೂ ಇಲ್ಲಿದೆ. ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎ ಒಂದು ದಾಖಲೆಗೆ 2.50 ಪೌಂಡ್ ಪಡೆದು ಕಾರಿಟ್ಟುಕೊಂಡವರ ಹೆಸರು, ವಿಳಾಸವನ್ನು ಈ ಕಂಪನಿಗಳಿಗೆ ಕೊಡುತ್ತದೆ. ಖಾಸಗಿ ಪಾರ್ಕಿಂಗಿಗೆ ನೀತಿ ಸಂಹಿತೆ ತರಲು 2019ರಲ್ಲೇ ಸಂಸತ್ತು ಕಾಯ್ದೆ ಮಾಡಿತು. 2022ರ ಫೆಬ್ರುವರಿಯಲ್ಲಿ ಸಂಹಿತೆ ಹೊರಬಂತು; ಕಂಪನಿಗಳು ಕೋರ್ಟಿಗೆ ಹೋದ ಮೇಲೆ ಅದೇ ಜೂನಿನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2025ರ ಜುಲೈನಲ್ಲಿ ಮತ್ತೆ ಜನಾಭಿಪ್ರಾಯ ಕೇಳಿತು. ಶುಲ್ಕ ಎಷ್ಟಿರಬೇಕು ಎಂಬ ಚರ್ಚೆಯೇ ಮುಖ್ಯವಾದರೆ ನಿವಾಸಿಗಳಿಗೆ ಬಂದ ಲಾಭ ಅಲ್ಪ. ಸಂಹಿತೆಯಲ್ಲಿ ಎರಡು ಮಾತು ಸ್ಪಷ್ಟವಾಗಿ ಬರಬೇಕು: ಕರಾರಿನಲ್ಲಿ ಜಾಗ ಪಡೆದವರಿಗೆ ಅದೇ ಜಾಗದ ಸಲುವಾಗಿ ಶುಲ್ಕ ಹಾಕುವಂತಿಲ್ಲ, ಕರಾರು ತೋರಿಸಿದ ಮೇಲೂ ಬೆನ್ನಟ್ಟುವ ಕಂಪನಿಗೆ ಡಿವಿಎಲ್‌ಎ ಮತ್ತೊಂದು ವಿಳಾಸ ಕೊಡುವಂತಿಲ್ಲ.