ಜಪಾನೀಯರ ಚಿಕ್ಕ ಊಟದ ಮನೆ

ಉದ್ಯೋಗಕ್ಕಾಗಿಯೋ ವಿದ್ಯಾರ್ಜನೆಗಾಗಿಯೋ ನಮ್ಮ ಮನೆಗಳ ಮಕ್ಕಳು ಜಪಾನ್ ದೇಶಕ್ಕೆ ಹೊರಟುನಿಂತಾಗ, ಹಿರಿಯರು ಕೇಳುವ ಮೊದಲನೆಯ ಪ್ರಶ್ನೆಯು ಸಂಬಳದ ವಿಷಯವಲ್ಲ. ಅಲ್ಲಿ ಊಟಕ್ಕೇನು ಗತಿ ಎಂಬುದೇ. ಅದು ಮೀನು ತಿನ್ನುವವರ ದೇಶ, ಬ್ರೆಡ್ಡು ಬಾಳೆಹಣ್ಣುಗಳಿಂದಲೇ ದಿನ ಕಳೆಯಬೇಕೆಂದು ಕೆಲವರೂ, ಅವರೂ ಅನ್ನವನ್ನುಣ್ಣುವ ಜನ, ಚಿಂತೆಗೆ ಕಾರಣವಿಲ್ಲವೆಂದು ಕೆಲವರೂ ಹೇಳುವುದುಂಟು. ಎರಡು ಮಾತುಗಳೂ ಅರ್ಧಸತ್ಯ. ಆದಕಾರಣ ಆ ದೇಶದ ಚಿಕ್ಕ ಊಟದ ಮನೆಯಲ್ಲಿ ಮಧ್ಯಾಹ್ನದ ಊಟವು ಹೇಗೆ ನಡೆಯುವುದು, ಸಸ್ಯಾಹಾರಿಗಳಾದ ನಮ್ಮವರು ಅಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಇಂತಹ ಮನೆಗೆ ಅಲ್ಲಿ 'ಶೊಕುದೊ' ಎಂದು ಹೆಸರು. ಬಾಗಿಲಿನ ಮೇಲೆ 'ನೊರೆನ್' ಎಂಬ ಸೀಳಿದ ಬಟ್ಟೆಯ ತೆರೆಯು ತೂಗುತ್ತಿದ್ದರೆ ಊಟ ಸಿದ್ಧವಿದೆಯೆಂದು ತಿಳಿಯಬೇಕು. ಅದನ್ನು ಒಳಗೆ ತೆಗೆದಿಟ್ಟಿದ್ದರೆ ಅಂಗಡಿ ಮುಚ್ಚಿದೆಯೆಂದರ್ಥ. ಒಳಗೆ ಸ್ಥಳವು ಬಹಳ ಕಡಮೆ. ಅನೇಕ ಕಡೆಗಳಲ್ಲಿ ಅಡಿಗೆಯವನು ಹಲಗೆಯ ಆಚೆಗೆ, ಉಣ್ಣುವವರು ಈಚೆಗೆ. ಕುಳಿತೊಡನೆ ಕೈಯೊರಸಿಕೊಳ್ಳಲು ಒದ್ದೆಯ ವಸ್ತ್ರವೂ, ಕುಡಿಯಲು ನೀರೋ ಚಹವೋ ಬರುತ್ತವೆ, ಇವಕ್ಕೆ ಬೆಲೆಯಿಲ್ಲ. ಅನಂತರ 'ತೆಯಿಶೊಕು' ಎಂಬ ಊಟವು ಒಂದೇ ತಟ್ಟೆಯಲ್ಲಿ ಬರುತ್ತದೆ. ಎಡಕ್ಕೆ ಅನ್ನದ ಬಟ್ಟಲು, ಬಲಕ್ಕೆ ಸೋಯಾ ಅವರೆಯನ್ನು ಹುಳಿಸಿ ಮಾಡಿದ 'ಮಿಸೊ'ವಿನ ಸಾರು, ಹಿಂಬದಿಯಲ್ಲಿ ಮುಖ್ಯವಾದ ಪದಾರ್ಥ, ನಡುವೆ ಸ್ವಲ್ಪ ಉಪ್ಪಿನಕಾಯಿ. ಸಾರಿನ ಬಟ್ಟಲನ್ನು ಕೈಗೆತ್ತಿಕೊಂಡು ಕುಡಿಯುವುದೇ ಅಲ್ಲಿಯ ಮರ್ಯಾದೆ. ಬಡಿಸಿದವರಿಗೆ ಇನಾಮು ಕೊಡುವ ಪದ್ಧತಿಯಿಲ್ಲ.

ಊಟಕ್ಕೆ ಮೊದಲು ಜಪಾನೀಯರು 'ಇತಾದಾಕಿಮಾಸು' ಎನ್ನುವರು. ಪಡೆದದ್ದನ್ನು ತಲೆಯ ಮೇಲಿಟ್ಟುಕೊಳ್ಳುವುದೆಂಬುದು ಆ ಕ್ರಿಯಾಪದದ ಮೂಲಾರ್ಥ. ನಾವು ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ಭಾವವೇ ಅದರಲ್ಲಿರುವುದು. ಉಂಡೆದ್ದ ಮೇಲೆ 'ಗೊಚಿಸೊಸಾಮಾ' ಎನ್ನುವರು. 'ಚಿಸೊ' ಎಂದರೆ ಓಡಾಡುವುದು. ಅತಿಥಿಯ ಸಲುವಾಗಿ ಓಡಾಡಿ ಪದಾರ್ಥಗಳನ್ನು ಕೂಡಿಸಿದವರಿಗೆ ವಂದನೆಯೆಂದು ಇದರ ತಾತ್ಪರ್ಯ. 'ಅನ್ನದಾತಾ ಸುಖೀಭವ' ಎಂದು ಹರಸಿ ಏಳುವ ನಮಗೆ ಇದು ಪರಕೀಯವೆನ್ನಿಸದು. ಅನ್ನದ ನಡುವೆ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದೊಂದನ್ನು ಮಾತ್ರ ಎಂದಿಗೂ ಮಾಡಬಾರದು. ಮೃತರ ಬಳಿಯಲ್ಲಿಡುವ ಅನ್ನಕ್ಕೆ ಅವರು ಹಾಗೆ ಕಡ್ಡಿ ನೆಡುವರು. ಎಳ್ಳೂ ನೀರೂ ಸೇರಿದ ಪಿಂಡವನ್ನು ಕಂಡ ನಮ್ಮವರಿಗೆ ಈ ಅಶುಭದ ಕಾರಣವನ್ನು ವಿವರಿಸಬೇಕಾದುದಿಲ್ಲ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ನಮ್ಮ ಸಾರಿಗೆ ಬೇಳೆಯ ಕಟ್ಟು ಹೇಗೆ ಆಧಾರವೋ ಹಾಗೆ ಅವರ ಅಡಿಗೆಗೆ 'ದಾಶಿ' ಎಂಬ ರಸವು ಆಧಾರ. 'ಕತ್ಸುಒ' ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಮರದಂತೆ ಗಟ್ಟಿಯಾದುದನ್ನು ತೆಳುವಾಗಿ ಹೆರೆದು, ಬಿಸಿನೀರಿನಲ್ಲಿ ಹಾಕಿ ಸೋಸಿದರೆ ಸಾಮಾನ್ಯವಾದ ದಾಶಿಯಾಗುವುದು. ಮೀನು ಸೋಸಣಿಗೆಯಲ್ಲಿ ಉಳಿಯುತ್ತದೆ, ರಸವು ಪಾತ್ರೆಗೆ ಸೇರುತ್ತದೆ. ಆದುದರಿಂದ ಮಿಸೊ ಸಾರಿನಲ್ಲಿಯೂ, ಕುಂಬಳಕಾಯಿಯ ಪಲ್ಯದಲ್ಲಿಯೂ, ಸೊಪ್ಪಿನಲ್ಲಿಯೂ, ತಣ್ಣನೆಯ ಶಾವಿಗೆಯನ್ನದ್ದುವ ರಸದಲ್ಲಿಯೂ ಕಣ್ಣಿಗೆ ಕಾಣದ ಮೀನು ಇರುವುದುಂಟು. ಬರಿಯ ತರಕಾರಿಯೆಂದು ನೋಡಿ ಉಂಡವರು ಮೋಸಹೋಗುವುದು ಇಲ್ಲಿಯೇ. ಆದರೆ ಮೋಸಮಾಡಿದವರು ಯಾರೂ ಇಲ್ಲ.

ಇದಕ್ಕೆ ಚರಿತ್ರೆಯೂ ಕಾರಣ. ಕ್ರಿ. ಶ. 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳುಗಳಲ್ಲಿ ತಿನ್ನಕೂಡದೆಂದು ಆಜ್ಞೆಮಾಡಿದನು. ಮಾಂಸದ ವಿಷಯದ ಸಂಕೋಚವು ಬಹುಕಾಲ ಉಳಿದು, 1872ರಲ್ಲಿ ಮೆಯಿಜಿ ಚಕ್ರವರ್ತಿಯು ತಾನೇ ಗೋಮಾಂಸವನ್ನು ತಿಂದನೆಂಬುದು ದೊಡ್ಡ ವಾರ್ತೆಯಾಯಿತು. ಮೀನಿಗೆ ಈ ಬಗೆಯ ನಿಷೇಧವು ತಗಲಲಿಲ್ಲ. ಹಾಗೆಂದು ಅಲ್ಲಿ ಶುದ್ಧ ಶಾಕಾಹಾರವಿಲ್ಲವೆನ್ನಲಾಗದು. ಬೌದ್ಧ ಮಠಗಳಲ್ಲಿ ಬೆಳೆದ 'ಶೊಜಿನ್ ರ್ಯೊರಿ' ಎಂಬ ಅಡಿಗೆಗೆ 'ಕೊಂಬು' ಎಂಬ ಕಡಲ ಸಸ್ಯವೂ ಒಣಗಿದ ಅಣಬೆಯೂ ರಸ ಕೊಡುತ್ತವೆ. ಮಠದ ಅಡಿಗೆಯವನ ಕರ್ತವ್ಯವನ್ನು ಕುರಿತು ದೊಗೆನ್ ಗುರುವು 1237ರಲ್ಲಿಯೇ ಗ್ರಂಥವನ್ನು ಬರೆದನು. ಇದೇ ಕೊಂಬುವಿನ ರುಚಿಯನ್ನು ಶೋಧಿಸಿ ಇಕೆಡಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞರು 1908ರಲ್ಲಿ ಅದಕ್ಕೆ 'ಉಮಾಮಿ' ಎಂದು ಹೆಸರಿಟ್ಟರು.

ಹಾಗಾದರೆ ಚಿಕ್ಕ ಊಟದ ಮನೆಯಲ್ಲಿ ಮಾಡತಕ್ಕದ್ದೇನು? ಕುಳಿತುಕೊಳ್ಳುವುದಕ್ಕೆ ಮೊದಲೇ ಹೇಳಬೇಕು. 'ನಿಕು ತೊ ಸಕಾನಾ ವಾ ತಾಬೆಮಾಸೆನ್' ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲವೆಂದರ್ಥ. ಇಷ್ಟೇ ಸಾಲದು, 'ಸಕಾನಾ ನೊ ದಾಶಿ ಮೊ ತಾಬೆಮಾಸೆನ್', ಮೀನಿನ ರಸವನ್ನೂ ಒಲ್ಲೆನೆಂದು ಸೇರಿಸಬೇಕು. ಇದನ್ನು ಜಪಾನೀ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆಯಿಸಿಟ್ಟುಕೊಳ್ಳುವುದು ಇನ್ನೂ ಮೇಲು. ಕಛೇರಿಗಳ ಜನವೆಲ್ಲ ಒಮ್ಮೆಗೇ ಬರುವ ಹನ್ನೆರಡರಿಂದ ಒಂದು ಗಂಟೆಯವರೆಗಿನ ವೇಳೆಯನ್ನು ಬಿಟ್ಟು, ತುಸು ಮುಂಚೆ ಹೋದರೆ ಕೇಳುವವರಿಗೂ ಬಿಡುವಿರುವುದು. ಅನ್ನ, ಮೇಲೆ ಮೀನಿನ ಹೆರಕಲನ್ನು ಉದುರಿಸದ ತಣ್ಣನೆಯ 'ತೊಫು', ಸೋಯಾ ರಸ ಇಷ್ಟು ದೊರೆತರೂ ಹಸಿವು ತೀರುವುದು. ಸಾರನ್ನು ಒಂದೇ ಪಾತ್ರೆಯಲ್ಲಿ ಮೊದಲೇ ಕಾಯಿಸಿಟ್ಟಿರುವ ಒಬ್ಬ ಅಡಿಗೆಯವನು ಸಾಧ್ಯವಿಲ್ಲವೆಂದು ತಲೆಬಾಗಿದರೆ, ನಾವೂ ತಲೆಬಾಗಿ ಹೊರಡತಕ್ಕದ್ದು. ಅದು ತಿರಸ್ಕಾರವಲ್ಲ, ಪ್ರಾಮಾಣಿಕತೆ.

ನಮ್ಮಲ್ಲಿ ಅನೇಕರು ದಾಕ್ಷಿಣ್ಯಕ್ಕೆ ಸಿಕ್ಕಿ ಬಾಯಿ ಮುಚ್ಚಿಕೊಂಡಿರುವರು. ಕೆಲವರು ತಿಂದು ಬಂದು ವರ್ಷಗಟ್ಟಲೆ ಮನಸ್ಸಿನಲ್ಲಿ ಕೊರಗುವರು. ಕೆಲವರು ತಿನ್ನದೆ ತಟ್ಟೆಯನ್ನು ಹಾಗೆಯೇ ಬಿಟ್ಟೆದ್ದು, ಬೆಳಗಿನಿಂದ ದುಡಿದವನ ಮನಸ್ಸನ್ನು ನೋಯಿಸುವರು. ಮೊದಲನೆಯದರಿಂದ ವ್ರತಕ್ಕೆ ಹಾನಿ, ಎರಡನೆಯದರಿಂದ ಅನ್ನಕ್ಕೆ ಅವಮಾನ. ಮೊದಲೇ ಆಡಿದ ವಿನಯದ ಒಂದು ಮಾತು ಎರಡನ್ನೂ ತಪ್ಪಿಸುವುದು. ಮಕ್ಕಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳಗಳನ್ನು ತುಂಬುವ ತಾಯಂದಿರು ಈ ಎರಡು ವಾಕ್ಯಗಳ ಚೀಟಿಯನ್ನೂ ಜೊತೆಯಲ್ಲಿರಿಸಲಿ. ಚಟ್ನಿಪುಡಿ ಒಂದು ತಿಂಗಳಿಗೆ ಮುಗಿಯುವುದು. ಕೇಳಿ ಉಣ್ಣುವ ಧೈರ್ಯವು ಅವರು ಅಲ್ಲಿರುವಷ್ಟು ಕಾಲವೂ ಒದಗುವುದು.