ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲು: ನಷ್ಟ ಯಾರ ತಲೆಗೆ?

ಕೆಚ್ಚಲು ಬಾವು ಬಂದಾಗ ಒಂದು ಮೊಲೆಯಲ್ಲಿ ಹಾಲು ಒಡೆದು ಬರುತ್ತದೆ, ಉಳಿದ ಮೂರರಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ. ಆ ಮೂರರ ಹಾಲನ್ನು ಡೇರಿಗೆ ಹಾಕಿದರೆ ಏನಾಯಿತು ಎಂದು ನಮ್ಮ ದುದ್ದ ಹೋಬಳಿಯ ಅಕ್ಕತಂಗಿಯರು ಕೇಳುವುದುಂಟು. ಕುತ್ತಿಗೆಗೆ ಚುಚ್ಚಿದ ಔಷಧ ರಕ್ತಕ್ಕೆ ಸೇರಿ ನಾಲ್ಕೂ ಮೊಲೆಗೆ ಇಳಿಯುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದಿರಬಹುದು. ಹಾಗೆಂದು ಮೊಸರು ಕಟ್ಟಿದ ಮಾತ್ರಕ್ಕೆ ಔಷಧ ಇಲ್ಲ ಎಂದೂ ಅಲ್ಲ.

ಕೆಚ್ಚಲು ಬಾವಿಗೆ ಡಾಕ್ಟರು ಕೊಡುತ್ತಿದ್ದ ಇಂಜೆಕ್ಷನ್‌ಗಳಲ್ಲಿ ಸೆಫ್ಟ್ರಿಯಾಕ್ಸೋನ್ ಮತ್ತು ಟಾಜೋಬ್ಯಾಕ್ಟಮ್ ಕೂಡಿದ್ದು ಒಂದು. ಬಾಟಲಿಯ ಪುಡಿಗೆ ನೀರು ಬೆರೆಸಿ ಹಾಕುತ್ತಿದ್ದರಲ್ಲ, ಅದೇ. ರೋಗಾಣು ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದನ್ನು ಸೆಫ್ಟ್ರಿಯಾಕ್ಸೋನ್ ತಡೆಯುತ್ತದೆ. ಗೋಡೆ ಇಲ್ಲದ ರೋಗಾಣು ಒಡೆದು ಸಾಯುತ್ತದೆ. ಆದರೆ ಕೆಲವು ರೋಗಾಣುಗಳು ಈ ಔಷಧವನ್ನೇ ತುಂಡರಿಸುವ ಕಿಣ್ವ ಬಿಡುತ್ತವೆ. ಟಾಜೋಬ್ಯಾಕ್ಟಮ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಹೊಡೆಯುವವನೊಬ್ಬ, ಎದುರಾಳಿಯ ಕೈ ಹಿಡಿಯುವವನೊಬ್ಬ. ಎರಡು ದಿನಕ್ಕೆ ಬಾವು ಇಳಿಯಿತೆಂದು ಉಳಿದ ಬಾಟಲಿಯನ್ನು ಇನ್ನೊಂದು ಹಸುವಿಗೆ ಎತ್ತಿಟ್ಟರೆ, ಅರ್ಧ ಏಟು ತಿಂದು ಬದುಕಿದ ರೋಗಾಣು ಮುಂದಿನ ಸಲ ಬಗ್ಗುವುದಿಲ್ಲ. ಆಸ್ಪತ್ರೆಯಲ್ಲಿ ನಮ್ಮ ಮಕ್ಕಳಿಗೆ ಹಾಕುವುದೂ ಇದೇ ಸೆಫ್ಟ್ರಿಯಾಕ್ಸೋನ್, ನೆನಪಿರಲಿ. ಅದಕ್ಕೇ ಇದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೊಡುವಂತಿಲ್ಲ.

ಎಷ್ಟು ದಿನ ಹಾಲು ಹಾಕಬಾರದು? ಲೇಬಲ್ ಮೇಲೆ ಇರುವಷ್ಟು. 2012ರ ತಿದ್ದುಪಡಿಯ ಪ್ರಕಾರ, ಆ ಔಷಧಕ್ಕೆ ಅವಧಿ ನಿಗದಿಯಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ. ಎಣಿಕೆ ಕೊನೆಯ ಇಂಜೆಕ್ಷನ್‌ನಿಂದ, ಮೊದಲನೆಯದರಿಂದಲ್ಲ. ಆ ಹಾಲು ಕರುವಿಗೂ ಬೇಡ.

ಇಷ್ಟನ್ನು ಹೇಳುವುದು ಸುಲಭ. ದಿನಕ್ಕೆ 10 ಲೀಟರ್ ಕರೆಯುವ ಹಸುವಿಗೆ 3 ದಿನ ಇಂಜೆಕ್ಷನ್, ಮೇಲೆ 7 ದಿನ ಎಂದರೆ ಹತ್ತಿರ ಹತ್ತಿರ 100 ಲೀಟರ್ ನೆಲಕ್ಕೆ. ಹಿಂಡಿಯ ಬಾಕಿ, ಸಂಘದ ಕಂತು ಮಾತ್ರ ನಿಲ್ಲುವುದಿಲ್ಲ. ಒಬ್ಬಳ ಕ್ಯಾನಿನ ಹಾಲು ಊರ ಹಾಲಿಗೆ ಬೆರೆತು ಗೆಜ್ಜಲಗೆರೆಗೆ ಹೋಗುತ್ತದೆ. ಅದನ್ನು ತಡೆದವಳು ಊರಿಗೆಲ್ಲ ಉಪಕಾರ ಮಾಡುತ್ತಾಳೆ, ನಷ್ಟ ಮಾತ್ರ ಅವಳೊಬ್ಬಳದು. ಇದು ನ್ಯಾಯವಲ್ಲ ಎನ್ನುವುದು ನನ್ನ ಅಭಿಪ್ರಾಯ. ಬರೀ ಎಚ್ಚರಿಕೆಯ ಬೋರ್ಡು ಹಾಕಿದರೆ ಯಾರೂ ನಿಜ ಹೇಳುವುದಿಲ್ಲ, ಹೇಳಿದವಳನ್ನು ಸಾಲಿನಲ್ಲಿ ನಿಲ್ಲಿಸಿ ಬೈದರಂತೂ ಮುಗಿಯಿತು.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಎರಡು ಮಾತು ಎತ್ತೋಣ. ಡಾಕ್ಟರ ಚೀಟಿ ತೋರಿಸಿ ಹಾಲು ತಡೆದವರಿಗೆ ಸಂಘದ ಲಾಭದಲ್ಲಿ ಒಂದು ಪಾಲು ಪರಿಹಾರವಾಗಿ ಸಿಗಲಿ, ಆ ದಿನಗಳನ್ನು ಬೋನಸ್ ಲೆಕ್ಕದಲ್ಲಿ ಕಳೆಯದಿರಲಿ. ಇನ್ನೊಂದು, ಇಂಜೆಕ್ಷನ್ ಹಾಕಿದ ಡಾಕ್ಟರು ಹಾಲು ಯಾವ ತಾರೀಕಿನಿಂದ ಹಾಕಬಹುದು ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಲಿ.